ದಾಖಲೆಯ ನಂಬರಿನಲ್ಲಿ ಇಲ್ಲದ ಹೆಸರು

ಕೀನ್ಯಾದ ರಾಷ್ಟ್ರೀಯ ವಸ್ತುಸಂಗ್ರಹಾಲಯದ ದಾಖಲೆಯಲ್ಲಿ ಒಬ್ಬ ಹುಡುಗನಿದ್ದಾನೆ. ಅವನು ಸತ್ತು ಹದಿನೈದು ಲಕ್ಷ ವರ್ಷ ದಾಟಿದೆ. ಪುಸ್ತಕದಲ್ಲಿ ಅವನ ಗುರುತು ಇಷ್ಟೇ: ಕೆಎನ್‌ಎಂ-ಡಬ್ಲ್ಯುಟಿ 15000. ಮೊದಲ ಮೂರಕ್ಷರ ವಸ್ತುಸಂಗ್ರಹಾಲಯದ್ದು. ಮುಂದಿನ ಎರಡು ವೆಸ್ಟ್ ತುರ್ಕಾನಾ, ಅಂದರೆ ತುರ್ಕಾನಾ ಸರೋವರದ ಪಡುವಣ ದಂಡೆ. ಮೂಡಣ ದಂಡೆಯ ಮೂಳೆಗಳಿಗೆ ‘ಇಆರ್’, ಅಂದರೆ ಈಸ್ಟ್ ರುಡಾಲ್ಫ್ ಎಂದಿರುತ್ತದೆ. ಆ ಸರೋವರವನ್ನು ರುಡಾಲ್ಫ್ ಎಂದು ಕರೆಯುತ್ತಿದ್ದ ಕಾಲದ ಅಕ್ಷರಗಳವು. ಹೆಸರು 1975ರಲ್ಲಿ ಬದಲಾಯಿತು, ನಂಬರು ಹಾಗೇ ಉಳಿಯಿತು. ಎಲ್ಲಿ ಸಿಕ್ಕಿತು, ಯಾರ ವಶದಲ್ಲಿದೆ, ಎಷ್ಟನೆಯದು ಎಂಬುದೆಲ್ಲ ಆ ಒಂದು ಸಾಲಿನಲ್ಲಿದೆ. ಯಾರ ಕಣ್ಣಿಗೆ ಬಿತ್ತು ಎನ್ನುವುದು ಮಾತ್ರ ಇಲ್ಲ.

ಈ ಹುಡುಗ ಬಿದ್ದದ್ದು, ಹಳೆಯ ಮೂಳೆ ಹುಡುಕುವ ತಂಡದ ಮುಂದಾಳು ಕಮೋಯಾ ಕಿಮೆಯು ಅವರ ಕಣ್ಣಿಗೆ.

1984ರ ಆಗಸ್ಟ್. ನರಿಯೊಕೊಟೊಮೆ ಎಂಬ ಒಣ ಹೊಳೆಯ ಪಕ್ಕದಲ್ಲಿ ಡೇರೆ. ಅಲ್ಲಿಯವರೆಗೆ ಹೇಳಿಕೊಳ್ಳುವಂಥದ್ದೇನೂ ಸಿಕ್ಕಿರಲಿಲ್ಲ. ತಂಡಕ್ಕೆ ಅಂದು ಬಿಡುವು. ಬಟ್ಟೆ ಒಗೆಯುವುದು, ನಿದ್ದೆ ಮಾಡುವುದು ಇಂಥ ದಿನಗಳ ಕೆಲಸ. ಕಮೋಯಾ ಹೊಳೆಯ ಆಚೆ ದಂಡೆಯ ಇಳಿಜಾರಿನ ಕಡೆ ಹೊರಟರು. ಡೇರೆಯಿಂದ ಸುಮಾರು ಮುನ್ನೂರು ಮೀಟರ್ ದೂರ. ನೆಲದ ತುಂಬ ಕಪ್ಪು ಲಾವಾ ಹರಳುಗಳು. ಅವುಗಳ ನಡುವೆ ಬೆಂಕಿಪೊಟ್ಟಣದಷ್ಟು ಅಗಲದ ಒಂದು ತುಂಡು ಬಿದ್ದಿತ್ತು. ಅದರ ಬಣ್ಣವೂ ಕಪ್ಪೇ.

ಇಷ್ಟನ್ನು ಓದಿದವರು ಸಾಮಾನ್ಯವಾಗಿ ‘ಅದೃಷ್ಟ’ ಅನ್ನುತ್ತಾರೆ. ಆ ಮಾತು ಎಷ್ಟು ಹುಸಿ ಎಂದು ತಿಳಿಯಬೇಕಾದರೆ ಆ ತುಂಡನ್ನೇ ಹತ್ತಿರದಿಂದ ನೋಡಬೇಕು. ಅದರಲ್ಲಿ ಹಲ್ಲಿಲ್ಲ, ಕಣ್ಣಿನ ಗುಳಿಯಿಲ್ಲ, ತಲೆಬುರುಡೆ ಎಂದು ಕೂಗಿ ಹೇಳುವ ಯಾವ ಗುರುತೂ ಇಲ್ಲ. ಇದ್ದದ್ದು ಒಂದು ಸಣ್ಣ ಬಾಗು. ಜಿಂಕೆ, ಹಂದಿಗಳ ಬುರುಡೆ ಚಿಕ್ಕದು. ಅದರ ತುಂಡಿನಲ್ಲಿ ಬಾಗು ಬಿಗಿಯಾಗಿರುತ್ತದೆ, ಚಿಕ್ಕ ಬಟ್ಟಲಿನ ಅಂಚಿನ ಹಾಗೆ. ದೊಡ್ಡ ಮಿದುಳಿನ ಪ್ರಾಣಿಯ ಬುರುಡೆಯದು ಹರವಾದ ಬಾಗು, ಕೊಡದ ಹೊಟ್ಟೆಯ ತುಂಡಿನ ಹಾಗೆ. ಜೊತೆಗೆ, ಬೇರೆ ಬಹುಪಾಲು ಪ್ರಾಣಿಗಳಲ್ಲಿ ಬುರುಡೆಯ ಹೊರಮೈ ಒಂದು ಆಕಾರ, ಒಳಮೈ ಇನ್ನೊಂದು ಆಕಾರ. ನಡುವೆ ಗಾಳಿಯ ಪೊಳ್ಳು, ಸ್ನಾಯು ಹಿಡಿದುಕೊಳ್ಳುವ ದಿಂಡು ಇರುತ್ತವೆ. ಮನುಷ್ಯನ ಕಡೆಯ ಪ್ರಾಣಿಯಲ್ಲಿ ಎರಡೂ ಮೈ ಹೆಚ್ಚುಕಡಿಮೆ ಸಮಾನಾಂತರ. ತುಂಡು ತೆಳ್ಳಗಿತ್ತು, ಬಾಗು ಹರವಾಗಿತ್ತು, ಒಳಮೈಯಲ್ಲಿ ಮಿದುಳು ಒತ್ತಿದ ಗುರುತು ತೀರಾ ನಯವಾಗಿತ್ತು. ಇದು ಹಣೆಯ ಮೂಳೆ, ಅದೂ ನಮ್ಮ ಕುಲದ್ದು ಎಂದು ಕಮೋಯಾ ತೀರ್ಮಾನಿಸಿದರು. ಅಂದೇ ನೈರೋಬಿಯಲ್ಲಿದ್ದ, ಶೋಧದ ಮುಖ್ಯಸ್ಥ ರಿಚರ್ಡ್ ಲೀಕಿಗೆ ರೇಡಿಯೊದಲ್ಲಿ ಸುದ್ದಿ ಹೋಯಿತು. ಲೀಕಿ ಮತ್ತು ಅಂಗರಚನಾ ತಜ್ಞ ಅಲನ್ ವಾಕರ್ ವಿಮಾನದಲ್ಲಿ ಬಂದಿಳಿದರು.

ಬಂದವರಿಗೆ ಆ ಜಾಗ ನೋಡಿ ಅಂಥ ಆಸೆಯೇನೂ ಹುಟ್ಟಲಿಲ್ಲ. ಒಂದು ಆಡು ಓಡಾಡುವ ದಾರಿ, ಒಂದು ಮುಳ್ಳುಮರ, ಕಲ್ಲುಗಳು. ಮೊದಲು ಮೇಲ್ಮಣ್ಣನ್ನು ಜರಡಿ ಹಿಡಿದರು. ಬುರುಡೆಯ ತುಂಡುಗಳು ಒಂದೊಂದಾಗಿ ಬರತೊಡಗಿದವು. ಮುಳ್ಳುಮರದ ಬುಡ ಬಿಡಿಸಿದಾಗ ಬೇರುಗಳ ನಡುವೆಯೇ ಮುಖದ ಮೂಳೆಗಳಿದ್ದವು. ಬೀಜವೊಂದು ಎಂದೋ ಆ ಬುರುಡೆಯ ಆಸುಪಾಸಿನಲ್ಲಿ ಮೊಳೆತು, ಬೇರು ಬಲಿತಂತೆ ಮೂಳೆಯನ್ನು ಸೀಳಿತ್ತು. ಅಲ್ಲಿಂದ 1988ರವರೆಗೆ ವರ್ಷ ವರ್ಷ ಅಗೆದು ಇಳಿಜಾರಿನ ಒಂದು ಬದಿಯನ್ನೇ ತೆಗೆದರು. ಕೊನೆಗೆ 108 ಮೂಳೆಗಳು ಕೂಡಿದವು. ಅಷ್ಟು ಹಳೆಯ ಕಾಲದ ಒಬ್ಬನೇ ವ್ಯಕ್ತಿಯ ಇಷ್ಟು ಮೂಳೆ ಅದಕ್ಕೆ ಮುಂಚೆ ಸಿಕ್ಕಿರಲಿಲ್ಲ. ಸುಮಾರು 160 ಸೆಂ.ಮೀ. ಎತ್ತರ, 880 ಘನ ಸೆಂ.ಮೀ. ಮಿದುಳು, ಉದ್ದ ಕಾಲುಗಳು. ಹಲ್ಲಿನ ಲೆಕ್ಕದಲ್ಲಿ ಅವನಿಗೆ ಎಂಟು ಒಂಬತ್ತು ವರ್ಷ, ಮೂಳೆಯ ಲೆಕ್ಕದಲ್ಲಿ ಅದಕ್ಕಿಂತ ಹೆಚ್ಚು. ಆ ಎರಡು ಲೆಕ್ಕ ಕೂಡದೇ ಇದ್ದುದೇ, ಅವನ ಜಾತಿಯಾದ ಹೋಮೊ ಎರೆಕ್ಟಸ್ ಮಕ್ಕಳು ನಮ್ಮ ಮಕ್ಕಳಿಗಿಂತ ಬೇಗ ಬೆಳೆಯುತ್ತಿದ್ದರೇ ಎಂಬ ಚರ್ಚೆಗೆ ದಾರಿಯಾಯಿತು. ಅಂಗೈ ಅಂಗಾಲುಗಳ ಮೂಳೆ ಮಾತ್ರ ಹೆಚ್ಚುಕಡಿಮೆ ಸಿಗಲೇ ಇಲ್ಲ.

ಕಮೋಯಾ ಹುಟ್ಟಿದ್ದು 1938ರ ಸುಮಾರಿಗೆ, ದಕ್ಷಿಣ ಕೀನ್ಯಾದ ಮಕುವೇನಿ ಸೀಮೆಯ ಕಾಂಬಾ ಜನರಲ್ಲಿ. ಆಡು ಮೇಯಿಸಿಕೊಂಡು ಬೆಳೆದ ಹುಡುಗ, ಮಿಷನ್ ಶಾಲೆಯಲ್ಲಿ ಆರು ವರ್ಷದ ಓದು. ಆಡು ಕಾಯುವವನ ಕಣ್ಣು ದೂರವನ್ನೂ ನೆಲವನ್ನೂ ಒಟ್ಟಿಗೆ ನೋಡುತ್ತದೆ. ಮುಂದೆ ಅವರು ಮಾಡಿದ ಕೆಲಸಕ್ಕೆ ಅದು ಕೆಟ್ಟ ತಯಾರಿಯೇನಲ್ಲ. 1959ರ ಜುಲೈಯಲ್ಲಿ ರಿಚರ್ಡ್ ಅವರ ತಾಯಿ ಮೇರಿ ಲೀಕಿ ಟಾಂಜಾನಿಯಾದ ಓಲ್ಡುವಾಯಿ ಕಮರಿಯಲ್ಲಿ, ಮನುಷ್ಯನ ಕಡೆಯ ಅಳಿದುಹೋದ ಜಾತಿಯೊಂದರ ‘ಜಿಂಜ್’ ಎಂಬ ಬುರುಡೆಯನ್ನು ಕಂಡರು. ಅದರ ಸುದ್ದಿಯಿಂದ ನ್ಯಾಷನಲ್ ಜಿಯಾಗ್ರಫಿಕ್ ಸೊಸೈಟಿಯ ಹಣ ಬಂತು. ಅಲ್ಲಿಯವರೆಗೆ ಕೈಯಲ್ಲಿ ಕಾಸಿಲ್ಲದೆ ಚೂರುಪಾರು ಅಗೆಯುತ್ತಿದ್ದ ಲೀಕಿ ದಂಪತಿ 1960ರಲ್ಲಿ ಒಮ್ಮೆಗೇ ತುಂಬ ಜನರನ್ನು ಕೆಲಸಕ್ಕೆ ತೆಗೆದುಕೊಂಡರು. ಆ ಗುಂಪಿನಲ್ಲಿ ಕಮೋಯಾ ಬಂದರು.

ಸತ್ತವರ ಮೂಳೆ ಮುಟ್ಟುವುದು ಕಾಂಬಾ ನಂಬಿಕೆಯಲ್ಲಿ ಕೇಡು. ಬಿಳಿಯರು ಗೋರಿ ಅಗೆಸುತ್ತಾರಂತೆ ಎಂಬ ಮಾತು ಊರಿನಲ್ಲಿತ್ತು. ಆ ಅಂಜಿಕೆ ಇಟ್ಟುಕೊಂಡೇ ಬಂದವರು ಮೊದಲು ಕಲಿತದ್ದು ಮನುಷ್ಯರ ಮೂಳೆಯನ್ನಲ್ಲ, ಪ್ರಾಣಿಗಳದ್ದನ್ನು. ಈ ಕೆಲಸದಲ್ಲಿ ಹಾಗೆಯೇ ಆಗಬೇಕು. ಕೈಗೆ ಬರುವ ಸಾವಿರ ತುಂಡುಗಳಲ್ಲಿ ಬಹುತೇಕ ಎಲ್ಲವೂ ನೀರಾನೆ, ಮೊಸಳೆ, ಮೀನು, ಆಮೆ, ಜಿಂಕೆ, ಹಂದಿಗಳದ್ದು. ಅವುಗಳನ್ನು ನೋಡಿದ ಕೂಡಲೇ ಗುರುತು ಹಿಡಿದು ಪಕ್ಕಕ್ಕಿಡಲು ಬರದವನಿಗೆ, ಅವುಗಳಲ್ಲಿ ಒಂದಲ್ಲದ ಆ ಒಂದು ತುಂಡು ಕಾಣುವುದೇ ಇಲ್ಲ.

ಅವರ ಮೊದಲ ದೊಡ್ಡ ಶೋಧ 1964ರದ್ದು. ಟಾಂಜಾನಿಯಾದ ನೇಟ್ರಾನ್ ಸರೋವರದ ಪಡುವಣಕ್ಕಿರುವ ಪೆನಿಂಜ್‌ನಲ್ಲಿ ಪುರಾತತ್ವಜ್ಞ ಗ್ಲಿನ್ ಐಸಾಕ್ ಮತ್ತು ರಿಚರ್ಡ್ ಲೀಕಿ ನಡೆಸುತ್ತಿದ್ದ ಶೋಧದಲ್ಲಿ ಕಮೋಯಾ ಒಂದು ಕೆಳದವಡೆಯನ್ನು ಕಂಡರು. ಹಲ್ಲಿನ ಸಾಲು ಹೆಚ್ಚುಕಡಿಮೆ ಪೂರ್ತಿ. ಓಲ್ಡುವಾಯಿಯಲ್ಲಿ ಸಿಕ್ಕಿದ್ದ ಜಿಂಜ್‌ಗೆ ಮೇಲ್ದವಡೆಯಿತ್ತು, ಕೆಳದವಡೆ ಇರಲಿಲ್ಲ. ಆ ಜಾತಿಯ ಕೆಳದವಡೆ ಹೇಗಿರುತ್ತದೆ ಎಂದು ಲೋಕ ಕಂಡದ್ದು ಪೆನಿಂಜ್‌ನಲ್ಲಿ. ರಿಚರ್ಡ್‌ಗೆ ಆಗ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಅಲ್ಲಿಂದ ಮುಂದೆ ಅವರು ಹೋದಲ್ಲೆಲ್ಲ ಹುಡುಕುವ ತಂಡದ ಮುಂದಾಳು ಕಮೋಯಾ: 1967ರಲ್ಲಿ ಇಥಿಯೋಪಿಯಾದ ಓಮೊ ಕಣಿವೆ, 1968ರಿಂದ ತುರ್ಕಾನಾದ ಮೂಡಣ ದಂಡೆಯ ಕೂಬಿ ಫೊರಾ, ಆಮೇಲೆ ಪಡುವಣ ದಂಡೆ.

ಈ ತಂಡಕ್ಕೆ ‘ಹೊಮಿನಿಡ್ ಗ್ಯಾಂಗ್’ ಎಂಬ ಅಡ್ಡಹೆಸರು ಬಿತ್ತು. ಹೊಮಿನಿಡ್ ಎಂದರೆ ಮನುಷ್ಯನ ಕಡೆಯ ಪ್ರಾಣಿ. ಹೆಸರು ತಮಾಷೆಯದು, ಕೆಲಸ ತಮಾಷೆಯದಲ್ಲ. ಪೀಟರ್ ನ್ಜುಬೆ 1968ರಲ್ಲಿ ಓಲ್ಡುವಾಯಿಯಲ್ಲಿ ಬಂಡೆಯೊಳಗೆ ಚಪ್ಪಟೆಯಾಗಿ ಹೋಗಿದ್ದ ಬುರುಡೆಯೊಂದನ್ನು ಕಂಡವರು. ಬರ್ನಾರ್ಡ್ ಎಂಗೆನಿಯೊ 1972ರಲ್ಲಿ ಕೂಬಿ ಫೊರಾದ ಪ್ರಖ್ಯಾತ 1470 ನಂಬರಿನ ಬುರುಡೆಯನ್ನು, 1975ರಲ್ಲಿ 3733ನ್ನು ಕಂಡವರು. 1973ರಲ್ಲಿ ಕಮೋಯಾ ಕಂಡ 1813 ನಂಬರಿನ ಬುರುಡೆಯ ಕತೆ ಇನ್ನೂ ಸೊಗಸಾದದ್ದು. ಬುದ್ಧಿಹಲ್ಲು ಬಂದಿದೆ, ಅಂದರೆ ಪ್ರಾಯಕ್ಕೆ ಬಂದ ಜೀವ. ಆದರೆ ಮಿದುಳು ಬರೀ 510 ಘನ ಸೆಂ.ಮೀ. ಅದೇ ಸೀಮೆಯ, ಹೆಚ್ಚುಕಡಿಮೆ ಅದೇ ಕಾಲದ 1470ಕ್ಕೆ ಸುಮಾರು 750. ಒಂದೇ ಜಾತಿಯ ಹೆಣ್ಣು ಗಂಡೇ, ಅಥವಾ ಎರಡು ಬೇರೆ ಜಾತಿಗಳೇ? ಐವತ್ತು ವರ್ಷದಿಂದ ಆ ಜಗಳ ನಡೆದಿದೆ. ತಜ್ಞರು ಬರೆದ ಪುಟಗಳನ್ನು ತೂಕಕ್ಕೆ ಹಾಕಿದರೆ ಆ ಬುರುಡೆಗಳ ತೂಕ ಏನೂ ಅಲ್ಲ.

ಹಾಗಾದರೆ ಹುಡುಕುವುದು ಹೇಗೆ?

ಮೊದಲು ಜಾಗ. ಮೂಳೆ ಉಳಿಯಬೇಕಾದರೆ ಸತ್ತ ಪ್ರಾಣಿಯ ಮೇಲೆ ಬೇಗ ಹೂಳು ಕೂರಬೇಕು, ಕತ್ತೆಕಿರುಬ ಬರುವ ಮುಂಚೆ. ಕೆರೆದಂಡೆ, ಹೊಳೆಯ ನೆರೆಬಯಲು ಅದಕ್ಕೆ ತಕ್ಕ ಜಾಗ. ಹೂಳಿನಲ್ಲಿ ಸುಣ್ಣದಂಶ ಇರಬೇಕು, ಹುಳಿಮಣ್ಣು ಮೂಳೆಯನ್ನು ಕರಗಿಸುತ್ತದೆ. ಆಮೇಲೆ ಭೂಮಿಯ ಚಲನೆ ಆ ಪದರಗಳನ್ನು ಎತ್ತಿ ಕೊಡಬೇಕು. ಮಳೆ ಅದನ್ನು ಕೊರೆಯಬೇಕು. ಆದರೆ ಹುಲ್ಲು ಗಿಡ ಬೆಳೆಯುವಷ್ಟು ಮಳೆ ಇರಬಾರದು. ತುರ್ಕಾನಾದಲ್ಲಿ ಇದೆಲ್ಲ ಒಟ್ಟಿಗೆ ಕೂಡಿದೆ. ಮೇಲೆ ಒಂದು ಉಪಕಾರ ಬೇರೆ: ಪದರಗಳ ನಡುನಡುವೆ ಜ್ವಾಲಾಮುಖಿಯ ಬೂದಿ. ಬೂದಿಯಲ್ಲಿನ ಹರಳುಗಳ ಪೊಟಾಸಿಯಂ ನಿಧಾನವಾಗಿ ಆರ್ಗಾನ್ ಆಗುವ ಲೆಕ್ಕದಿಂದ ಪದರದ ವಯಸ್ಸು ತಿಳಿಯುತ್ತದೆ.

ನಮ್ಮಲ್ಲಿ ಯಾಕೆ ಸಿಕ್ಕುವುದಿಲ್ಲ ಎಂಬ ಪ್ರಶ್ನೆಗೂ ಅರ್ಧ ಉತ್ತರ ಇಲ್ಲೇ ಇದೆ. ಯಾದಗಿರಿ ಜಿಲ್ಲೆಯ ಸುರಪುರ ಸೀಮೆಯ ಇಸಾಂಪುರದಲ್ಲಿ ಕೈಗೊಡಲಿ ಮಾಡುತ್ತಿದ್ದ ಇಡೀ ತಾಣವನ್ನು ಪುರಾತತ್ವಜ್ಞ ಕೆ. ಪದ್ದಯ್ಯ ಅಗೆದು ತೋರಿಸಿದ್ದಾರೆ. ಅಲ್ಲಿನ ಪ್ರಾಣಿಹಲ್ಲಿನಿಂದ ತೆಗೆದ ವಯಸ್ಸು ಸುಮಾರು ಹನ್ನೆರಡು ಲಕ್ಷ ವರ್ಷ. ಕಲ್ಲು ಕೆತ್ತಿದವರ ಕೈಚಳಕ ಕಣ್ಣೆದುರಿಗಿದೆ, ಕೆತ್ತಿದವರ ಒಂದು ಹಲ್ಲೂ ಸಿಕ್ಕಿಲ್ಲ. ಇಡೀ ದೇಶದಲ್ಲಿ ಅಂಥ ಹಳೆಯ ಬುರುಡೆ ಎಂದರೆ ನರ್ಮದೆಯ ಹಥ್ನೋರಾದಲ್ಲಿ 1982ರ ಡಿಸೆಂಬರಿನಲ್ಲಿ ಭೂವಿಜ್ಞಾನಿ ಅರುಣ್ ಸೋನಾಕಿಯಾ ಕಂಡದ್ದು. ಅದು ಹೊಳೆ ತಂದು ಒಟ್ಟಿದ ಜಲ್ಲಿಯಲ್ಲಿತ್ತು, ಹಾಗಾಗಿ ವಯಸ್ಸಿನ ಬಗ್ಗೆ ಇಂದಿಗೂ ವಾದವಿದೆ.

ಜಾಗದ ನಂತರ ಹೊತ್ತು. ಬಿಸಿಲು ಓರೆಯಾಗಿ ಬೀಳುವ ಬೆಳಗಿನ ಮೂರು ನಾಲ್ಕು ಗಂಟೆ, ಮತ್ತೆ ಸಂಜೆ ಇಳಿಹೊತ್ತು. ಆಗ ಸಣ್ಣ ಹರಳಿಗೂ ನೆರಳಿರುತ್ತದೆ, ಆಕಾರ ಎದ್ದು ಕಾಣುತ್ತದೆ. ನೆತ್ತಿಯ ಮೇಲೆ ಸೂರ್ಯ ಬಂದಾಗ ನೆರಳು ಸತ್ತು ನೆಲವೆಲ್ಲ ಒಂದೇ ಬಣ್ಣವಾಗುತ್ತದೆ. ಸೆಖೆಯ ಮಾತು ಹಾಗಿರಲಿ, ಆ ಹೊತ್ತಿನಲ್ಲಿ ನಡೆದದ್ದೇ ದಂಡ. ಜನ ಕೆಲವು ಮೀಟರ್ ಅಂತರದಲ್ಲಿ ಸಾಲಾಗಿ ನಡೆಯುತ್ತಾರೆ. ಕಣ್ಣು ಕಾಲಿನಿಂದ ಒಂದೆರಡು ಮೀಟರ್ ಮುಂದೆ. ವೇಗ, ಹೊಲದಲ್ಲಿ ಬಿದ್ದ ಉಂಗುರ ಹುಡುಕುವಷ್ಟು. ಒಮ್ಮೆ ನಡೆದ ಇಳಿಜಾರನ್ನು ಎದುರು ದಿಕ್ಕಿನಿಂದ ಮತ್ತೆ ನಡೆಯಬೇಕು. ಬೆಳಕು ಬೇರೆ ಕಡೆಯಿಂದ ಬಿದ್ದರೆ ಬೆಳಗ್ಗೆ ಕಲ್ಲಾಗಿದ್ದದ್ದು ಸಂಜೆ ಹಲ್ಲಾಗಬಹುದು. ಮುಂದಿನ ಮಳೆ ಕಳೆದ ಮೇಲೆ ಅದೇ ಇಳಿಜಾರನ್ನು ಮೂರನೆಯ ಸಲ ನಡೆಯಬೇಕು. ಕಳೆದ ವರ್ಷ ನೆಲದೊಳಗಿದ್ದದ್ದು ಈ ವರ್ಷ ಹೊರಗಿರುತ್ತದೆ. ಅಂದು ನೋಡದೆ ಬಿಟ್ಟರೆ ಅದರ ಮುಂದಿನ ಮಳೆಗೆ ಚೂರಾಗಿ ಕೊರಕಲು ಸೇರಿರುತ್ತದೆ. ಹೊರಬಿದ್ದ ಮೂಳೆಗೆ ಆಯಸ್ಸು ಕಡಿಮೆ. ಬಿಸಿಲಿಗೆ ಬಿರಿಯುತ್ತದೆ, ಆಡು ಒಂಟೆಗಳ ಗೊರಸಿಗೆ ಪುಡಿಯಾಗುತ್ತದೆ.

ಕಲ್ಲೋ ಮೂಳೆಯೋ ಎಂಬ ಸಂಶಯಕ್ಕೆ ಹಳೆಯ ಉಪಾಯ ನಾಲಗೆ. ಮೂಳೆಯ ಸಣ್ಣ ರಂಧ್ರಗಳು ಒದ್ದೆ ಹೀರುತ್ತವೆ, ತುಂಡು ನಾಲಗೆಗೆ ಅಂಟಿಕೊಳ್ಳುತ್ತದೆ. ಇದು ಕೈಕೊಡುವುದೂ ಉಂಟು. ಪೂರ್ತಿ ಖನಿಜ ತುಂಬಿಕೊಂಡ ಮೂಳೆ ಅಂಟುವುದಿಲ್ಲ, ಸುಣ್ಣದ ಗಂಟು ಅಂಟುತ್ತದೆ. ಮುರಿದ ಅಂಚನ್ನು ನೋಡುವುದು ಹೆಚ್ಚು ಭರವಸೆಯದು: ಹೊರಗೆ ಗಟ್ಟಿ ಪದರ, ಒಳಗೆ ಬ್ರೆಡ್ಡಿನ ಹಾಗೆ ತೂತುತೂತು.

ಹೊಸಬರನ್ನು ಪದೇಪದೇ ಏಮಾರಿಸುವುದು ಆಮೆಚಿಪ್ಪು. ಬುರುಡೆಯ ಮೂಳೆಯಲ್ಲಿ ಹೊರಗೊಂದು ಒಳಗೊಂದು ಗಟ್ಟಿ ಪದರ, ನಡುವೆ ತೂತಿನದು. ಆಮೆಚಿಪ್ಪಿನಲ್ಲೂ ಅದೇ ಮೂರು ಪದರ. ಬುರುಡೆಯಲ್ಲಿ ತುಂಡುಗಳು ಕೂಡುವ ಹೊಲಿಗೆಗೆರೆ ಹಲ್ಲುಹಲ್ಲಾಗಿರುತ್ತದೆ, ಚಿಪ್ಪಿನಲ್ಲೂ ಹಾಗೇ. ವ್ಯತ್ಯಾಸ ಎರಡು ಕಡೆ. ಆಮೆಯ ಹೊರಮೈಯಲ್ಲಿ ಕೊಂಬಿನಂಥ ಹೊದಿಕೆಯ ಬಿಲ್ಲೆಗಳು ಕೂಡಿದ್ದ ತೋಡುಗಳಿರುತ್ತವೆ, ಮೊಂಡು ಉಗುರಿನಿಂದ ಗೀರಿದ ಹಾಗೆ. ಬುರುಡೆಯ ಒಳಮೈಯಲ್ಲಿ ರಕ್ತನಾಳಗಳ ಗುರುತು ಕವಲೊಡೆದ ಹೊಳೆಯ ಹಾಗೆ ಇರುತ್ತದೆ. ಅಂಗೈಯಗಲದ ತುಂಡಾದರೆ ಇದು ಸುಲಭ. ಹೆಬ್ಬೆರಳ ಉಗುರಿನಷ್ಟು ತುಂಡಿನಲ್ಲಿ ಇದನ್ನು ನಿಂತ ಕಾಲಲ್ಲಿ ಹೇಳಬೇಕಾದರೆ ಸಾವಿರಾರು ಆಮೆಗಳನ್ನು ಕೈಯಲ್ಲಿ ಹಿಡಿದಿರಬೇಕು.

ಸಿಕ್ಕಿತು ಅನ್ನಿ. ಆಗ ಮಾಡಬಾರದ ಕೆಲಸ ಒಂದೇ, ಕೂಡಲೇ ಎತ್ತಿಕೊಳ್ಳುವುದು. ಎತ್ತಿದ ಕ್ಷಣ ಆ ಮೂಳೆಯ ಅರ್ಧ ಬೆಲೆ ಹೋಯಿತು, ಯಾಕೆಂದರೆ ಅದು ಯಾವ ಪದರದ್ದು ಎಂಬುದು ನೆಲದಲ್ಲಿರುತ್ತದೆ, ಮೂಳೆಯಲ್ಲಿ ಅಲ್ಲ. ಪಕ್ಕದಲ್ಲಿ ಕಲ್ಲು ಒಟ್ಟಿ ಗುರುತು ಮಾಡಬೇಕು. ಚಿತ್ರ ತೆಗೆಯಬೇಕು. ಬಂದ ಹೆಜ್ಜೆಯಲ್ಲೇ ಹಿಂದಕ್ಕೆ ಹೋಗಬೇಕು. ಉಳಿದ ತುಂಡುಗಳು ಕಾಲಡಿಯಲ್ಲೇ ಇರಬಹುದು. ಜಿಪಿಎಸ್ ಇಲ್ಲದ ಕೂಬಿ ಫೊರಾದಲ್ಲಿ ವಿಮಾನದಿಂದ ತೆಗೆದ ಛಾಯಾಚಿತ್ರದ ಮೇಲೆ ಆ ಜಾಗಕ್ಕೆ ಗುಂಡುಸೂಜಿ ಚುಚ್ಚಿ, ಚಿತ್ರದ ಹಿಂದೆ ತೂತಿನ ಪಕ್ಕ ನಂಬರು ಬರೆಯುತ್ತಿದ್ದರು. ಜಾಣತನದ ಕ್ರಮ, ಆದರೆ ಲೆಕ್ಕ ಹಾಕಿ ನೋಡಿ: 1:25,000 ಪ್ರಮಾಣದ ಚಿತ್ರದಲ್ಲಿ ಅರ್ಧ ಮಿಲಿಮೀಟರ್ ತೂತು ಎಂದರೆ ನೆಲದಲ್ಲಿ ಹನ್ನೆರಡೂವರೆ ಮೀಟರ್. ಕಡಿದಾದ ಇಳಿಜಾರಿನಲ್ಲಿ ಅಷ್ಟರೊಳಗೆ ಎರಡು ಮೂರು ಪದರ ದಾಟಿ ಹೋಗಬಹುದು. ಅದಕ್ಕೇ ನೆಲದ ಮೇಲಿನ ಗುರುತೂ ಬೇಕು.

ಆಮೇಲೆ ಮಂಡಿಯೂರುವ ಕೆಲಸ. ಇಳಿಜಾರಿನ ಕೆಳಗಿನಿಂದ ಮೇಲಕ್ಕೆ ಹೆಗಲಿಗೆ ಹೆಗಲು ಸೇರಿಸಿ ತೆವಳುತ್ತ ಪ್ರತಿ ಚೂರನ್ನೂ ಆರಿಸುವುದು. ಮೂಳೆ ಜಾರುವುದು ಕೆಳಕ್ಕೆ. ಹಾಗಾಗಿ ಮೇಲೆ ಹೋದಂತೆ ಎಲ್ಲಿ ತುಂಡು ಬರುವುದು ನಿಲ್ಲುತ್ತದೋ ಅದರ ಸ್ವಲ್ಪ ಕೆಳಗೇ ಮೂಲ ಪದರವಿದೆ ಎಂದು ಊಹೆ. ಗುಡಿಸಿದ ಮಣ್ಣೆಲ್ಲ ಜರಡಿಗೆ. ಜರಡಿಯ ಕಣ್ಣು ಐದು ಮಿಲಿಮೀಟರ್ ಇದ್ದರೆ ಕೆಲಸ ಬೇಗ ಸಾಗುತ್ತದೆ, ಆದರೆ ಹಲ್ಲಿನ ಚೂರು, ಬೆರಳ ತುದಿಯ ಮೂಳೆ ಜಾರಿ ಹೋಗುತ್ತವೆ. ಒಂದೆರಡು ಮಿಲಿಮೀಟರಿನದಾದರೆ ಏನೂ ಹೋಗುವುದಿಲ್ಲ, ಆದರೆ ಜೇಡಿಮಣ್ಣು ಕಟ್ಟಿಕೊಳ್ಳುತ್ತದೆ, ನೀರು ಹಾಕಿ ತೊಳೆಯಬೇಕು. ಕುಡಿಯುವ ನೀರನ್ನೇ ಲ್ಯಾಂಡ್‌ರೋವರಿನಲ್ಲಿ ತರುವ ಜಾಗದಲ್ಲಿ ಅದು ಸಣ್ಣ ಮಾತಲ್ಲ. ಎರಡು ಜರಡಿ ಮೇಲೆ ಕೆಳಗೆ ಇಡುವುದು ಸಾಮಾನ್ಯವಾಗಿ ಕಂಡುಕೊಂಡ ರಾಜಿ.

ನೆಲದಲ್ಲೇ ಉಳಿದ ಮೂಳೆಗೆ ಹಲ್ಲಿನ ಡಾಕ್ಟರರ ಕೊಕ್ಕೆ ಮತ್ತು ಕುಂಚ. ಬಿಡಿಸುತ್ತ ಹೋದಂತೆ ಗಟ್ಟಿ ಮಾಡುವ ದ್ರಾವಣ ಹನಿಸಬೇಕು. ಲೀಕಿ ತಂಡದ ಕಾಲದಲ್ಲಿ ಬೆಡಾಕ್ರಿಲ್, ಈಗ ಹೆಚ್ಚಾಗಿ ಅಸಿಟೋನ್‌ನಲ್ಲಿ ಕರಗಿಸಿದ ಪ್ಯಾರಾಲಾಯ್ಡ್. ಇಲ್ಲಿ ಆಗುವ ತಪ್ಪುಗಳು ಎರಡು. ದ್ರಾವಣ ದಪ್ಪವಾದರೆ ಮೇಲ್ಮೈಯಲ್ಲಿ ಕೆನೆಗಟ್ಟಿ ನಿಲ್ಲುತ್ತದೆ, ಒಳಗಿನ ಮೂಳೆ ಪುಡಿಯಾಗಿಯೇ ಉಳಿಯುತ್ತದೆ. ಎತ್ತಿದರೆ ಚರ್ಮ ಸುಲಿದ ಹಾಗೆ ಮೇಲ್ಪದರ ಮಾತ್ರ ಕೈಗೆ ಬರುತ್ತದೆ. ಮೊದಲು ತೆಳ್ಳಗಿನದು, ನೂರಕ್ಕೆ ಐದರಷ್ಟು, ಅದು ಇಂಗಿದ ಮೇಲೆ ಸ್ವಲ್ಪ ದಪ್ಪದ್ದು. ಎರಡನೆಯದು, ಮೂಳೆಯಲ್ಲಿ ತೇವ ಇರುವಾಗಲೇ ಹಾಕುವುದು. ಆಗ ಅಂಟು ಬೆಳ್ಳಗೆ ಒಡೆದು ನಿಲ್ಲುತ್ತದೆ, ಹಿಡಿತವೂ ಇರುವುದಿಲ್ಲ. ನೆರಳಿನಲ್ಲಿ ಒಣಗಲು ಬಿಡಬೇಕು. ಬಿಸಿಲಿನಲ್ಲಿ ಒಣಗಿಸಿದರೆ ಮೂಳೆಯೇ ಬಿರಿಯುತ್ತದೆ. ದೊಡ್ಡ ತುಂಡಾದರೆ ಸುತ್ತಲಿನ ಮಣ್ಣಿನ ಸಮೇತ ಪ್ಲಾಸ್ಟರ್ ಕವಚ: ಮೊದಲು ಒದ್ದೆ ಟಿಶ್ಯೂ ಕಾಗದ ಹಲವು ಸುತ್ತು, ಆಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಅದ್ದಿದ ಗೋಣಿಪಟ್ಟಿ. ಕಾಗದ ಮರೆತರೆ ಪ್ಲಾಸ್ಟರ್ ಮೂಳೆಗೇ ಹಿಡಿಯುತ್ತದೆ. ಆಮೇಲೆ ಅದನ್ನು ಬಿಡಿಸುವ ಕೆಲಸ ಯಾರ ಪಾಲಿಗೂ ಬೇಡ.

ಪದರದ ಮಾತು ಯಾಕೆ ಇಷ್ಟು ಒತ್ತಿ ಹೇಳಿದ್ದು ಎಂದರೆ, 1470 ನಂಬರಿನ ಬುರುಡೆಯ ವಿಷಯದಲ್ಲಿ ಲೋಕಕ್ಕೇ ಗೊತ್ತಾಗುವಂಥ ಎಡವಟ್ಟಾಯಿತು. ಅದು ಕೆಬಿಎಸ್ ಎಂದು ಕರೆಯುವ ಬೂದಿಪದರದ ಕೆಳಗೆ ಸಿಕ್ಕಿತ್ತು. ಆ ಬೂದಿಗೆ ಮೊದಲು ಬಂದ ವಯಸ್ಸು 26 ಲಕ್ಷ ವರ್ಷ. ಅಂದಮೇಲೆ ಬುರುಡೆ ಅದಕ್ಕಿಂತ ಹಳೆಯದು, 29 ಲಕ್ಷ ಎಂದು ಸಾರಿದರು. ಆದರೆ ಆ ಪದರದ ಹಂದಿಹಲ್ಲುಗಳು ಒಪ್ಪಲಿಲ್ಲ. ಹತ್ತಿರದ ಓಮೊದಲ್ಲಿ ಅದೇ ಥರದ ಹಂದಿಗಳು 20 ಲಕ್ಷ ವರ್ಷದ ಆಸುಪಾಸಿನ ಪದರದಲ್ಲಿದ್ದವು. ವರ್ಷಗಟ್ಟಲೆ ಜಟಾಪಟಿ. ಬೂದಿ ನೀರಿನಲ್ಲಿ ಕೊಚ್ಚಿ ಬರುವಾಗ ಹಳೆಯ ಬಂಡೆಯ ಹರಳುಗಳನ್ನೂ ಬೆರೆಸಿಕೊಂಡಿದ್ದರೆ ಅಳತೆ ಹಳೆಯದನ್ನೇ ತೋರಿಸುತ್ತದೆ. ಕೊನೆಗೆ ಬೂದಿಯ ವಯಸ್ಸು 19 ಲಕ್ಷದ ಹತ್ತಿರ ನಿಂತಿತು. ಉಪಕರಣಕ್ಕಿಂತ ಮೊದಲು ಸತ್ಯ ಹೇಳಿದ್ದು ಹಂದಿಯ ಹಲ್ಲು. ಹೊಮಿನಿಡ್ ಗ್ಯಾಂಗ್ ಬರೀ ಮನುಷ್ಯರ ಮೂಳೆ ಆರಿಸಿ ಹಂದಿಯದನ್ನು ಬಿಟ್ಟು ಬಂದಿದ್ದರೆ ಈ ತಪ್ಪು ತಿದ್ದುವುದು ಇನ್ನೂ ತಡವಾಗುತ್ತಿತ್ತು.

ಇಷ್ಟೆಲ್ಲ ತಿಳಿದವರ ಹೆಸರು ಎಲ್ಲಿ ಬರುತ್ತದೆ? 1985ರಲ್ಲಿ ನರಿಯೊಕೊಟೊಮೆಯ ಹುಡುಗನನ್ನು ಲೋಕಕ್ಕೆ ಪರಿಚಯಿಸಿದ ‘ನೇಚರ್’ ಲೇಖನಕ್ಕೆ ನಾಲ್ವರು ಲೇಖಕರು: ಬ್ರೌನ್, ಹ್ಯಾರಿಸ್, ಲೀಕಿ, ವಾಕರ್. ಅದೇ ವರ್ಷ ಕಮೋಯಾ ಅವರಿಗೆ ನ್ಯಾಷನಲ್ ಜಿಯಾಗ್ರಫಿಕ್ ಸೊಸೈಟಿಯ ಲಾ ಗೋರ್ಸ್ ಪದಕವನ್ನು ಶ್ವೇತಭವನದಲ್ಲಿ ಅಧ್ಯಕ್ಷ ರೇಗನ್ ಕೊಟ್ಟರು. ಪದಕ ಬಂತು, ಲೇಖಕರ ಸಾಲಿನಲ್ಲಿ ಜಾಗ ಬರಲಿಲ್ಲ. ಲೀಕಿ ಕುಟುಂಬ ಅವರ ಹೆಸರನ್ನು ಮುಚ್ಚಿಟ್ಟಿತು ಎಂದರೆ ಅನ್ಯಾಯದ ಮಾತಾದೀತು. ರಿಚರ್ಡ್, ಅವರ ಹೆಂಡತಿ ಮೀವ್ ಇಬ್ಬರೂ ಇದನ್ನು ಕಂಡದ್ದು ಕಮೋಯಾ ಎಂದು ಬರೆಯುತ್ತಲೇ ಬಂದರು. ತೊಡಕು ಇದ್ದದ್ದು ವಿಜ್ಞಾನದ ಲೆಕ್ಕಪುಸ್ತಕದಲ್ಲಿ. ಅಲ್ಲಿ ಅಳೆದು ಬರೆಯುವುದು ಜ್ಞಾನ, ಕಂಡುಹಿಡಿಯುವುದು ಕೂಲಿ. ಬುರುಡೆಯ ತುಂಡಿನ ಬಾಗನ್ನು ಪ್ರಯೋಗಾಲಯದಲ್ಲಿ ಕ್ಯಾಲಿಪರ್ ಹಿಡಿದು ಹೇಳಿದರೆ ಅದು ಸಂಶೋಧನೆ. ಅದನ್ನೇ ಕಪ್ಪು ಹರಳಿನ ಇಳಿಜಾರಿನಲ್ಲಿ, ನಲವತ್ತು ಡಿಗ್ರಿ ಸೆಖೆಯಲ್ಲಿ, ಬರಿಗಣ್ಣಿನಿಂದ ಹೇಳಿದರೆ ಅದೃಷ್ಟ. ಈ ಭೇದಕ್ಕೆ ಅರ್ಥವಿಲ್ಲ. ಎರಡೂ ಕಡೆ ನಡೆಯುವುದು ಒಂದೇ ಅಂಗರಚನೆಯ ತರ್ಕ.

ಪ್ರಾಣಿಶಾಸ್ತ್ರದ ಹೆಸರುಗಳಲ್ಲಿ ಅವರು ಉಳಿದಿದ್ದಾರೆ. ಅಳಿದುಹೋದ ದೊಡ್ಡ ಕೋತಿಯೊಂದು ಸರ್ಕೊಪಿಥೆಕಾಯ್ಡಿಸ್ ಕಿಮೆಯುಐ. ತುರ್ಕಾನಾದ ಪಡುವಣದಲ್ಲಿ ಸಿಕ್ಕ, ಎರಡು ಕೋಟಿ ನಲವತ್ತು ಲಕ್ಷ ವರ್ಷಕ್ಕೂ ಹಳೆಯ ವಾನರ ಕಮೋಯಾಪಿಥೆಕಸ್. 1977ರಿಂದ ಅವರು ಕೀನ್ಯಾದ ವಸ್ತುಸಂಗ್ರಹಾಲಯಗಳ ಪರವಾಗಿ ದೇಶದ ಪ್ರಾಗೈತಿಹಾಸಿಕ ತಾಣಗಳ ಮೇಲ್ವಿಚಾರಣೆ ನೋಡಿಕೊಂಡರು. ಹುಡುಕುವುದನ್ನು ಬಿಡಲಿಲ್ಲ. 1994ರಲ್ಲಿ ಮೀವ್ ಲೀಕಿ ತಂಡದೊಂದಿಗೆ ಕೀನ್ಯಾದ ಕನಪೊಯ್‌ನಲ್ಲಿ ಮೊಣಕಾಲಿನಿಂದ ಪಾದದ ಗಂಟಿನವರೆಗೆ ಬರುವ ದಪ್ಪ ಮೂಳೆ, ಟಿಬಿಯಾದ ಎರಡು ತುದಿಗಳನ್ನು ಕಂಡರು. ಮೇಲ್ತುದಿಯ ಎರಡು ತಟ್ಟೆಗಳೂ ತಗ್ಗಾಗಿವೆ, ಅದರ ಕೆಳಗಿನ ಮೂಳೆ ದಪ್ಪಗಿದೆ. ಮೈಭಾರವನ್ನು ಒಂದೊಂದೇ ಕಾಲಿನ ಮೇಲೆ ಹೊತ್ತು ನಡೆಯುವ ಪ್ರಾಣಿಗೆ ಮಾತ್ರ ಹಾಗಿರುತ್ತದೆ. ಅದರ ವಯಸ್ಸು ಸುಮಾರು 41 ಲಕ್ಷ ವರ್ಷ. 1995ರಲ್ಲಿ ಆ ಜಾತಿಗೆ ಆಸ್ಟ್ರಲೋಪಿಥೆಕಸ್ ಅನಮೆನ್ಸಿಸ್ ಎಂದು ಹೆಸರಿಟ್ಟರು. ಎರಡು ಕಾಲಿನ ನಡಿಗೆ, ಇಥಿಯೋಪಿಯಾದಲ್ಲಿ ಸಿಕ್ಕ ಪ್ರಖ್ಯಾತ ಅಸ್ಥಿಪಂಜರ ಲೂಸಿಗಿಂತ ಸುಮಾರು ಒಂಬತ್ತು ಲಕ್ಷ ವರ್ಷ ಹಿಂದಕ್ಕೆ ಹೋಯಿತು.

ಗೌರವ ಡಾಕ್ಟರೇಟ್ ಬಂದದ್ದು 2021ರಲ್ಲಿ, ಅಮೆರಿಕದ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯದಿಂದ. ಆರನೆಯ ಕ್ಲಾಸಿಗೆ ಶಾಲೆ ನಿಂತವರಿಗೆ ಎಂಬತ್ತು ದಾಟಿದ ಮೇಲೆ.

ಅವರು ಕಂಡ ಮೂಳೆಗಳಲ್ಲಿ ನಮಗೆ ತೀರ ಹತ್ತಿರದ್ದನ್ನು ಕೊನೆಗೆ ಹೇಳುವುದು ಸರಿ. 1967ರಲ್ಲಿ ಓಮೊ ಕಣಿವೆಯ ಕಿಬಿಶ್‌ನಲ್ಲಿ ಕಮೋಯಾ ಒಂದು ಬುರುಡೆಯನ್ನೂ ಅದರ ಜೊತೆಗಿನ ಮೈಮೂಳೆಗಳನ್ನೂ ಕಂಡರು. ಅದು ನಮ್ಮದೇ ಜಾತಿ, ಹೋಮೊ ಸೇಪಿಯೆನ್ಸ್. ಆಗ ಹೇಳಿದ ವಯಸ್ಸು 1,30,000 ವರ್ಷ. ಅದನ್ನು ಪೂರ್ತಿ ನಂಬಿದವರು ಕಡಿಮೆ. ಮೂರು ದಶಕ ಕಳೆದ ಮೇಲೆ ಬೇರೊಂದು ತಂಡ ಹಳೆಯ ಚಿತ್ರಗಳನ್ನು ಕೈಯಲ್ಲಿ ಹಿಡಿದು ಆ ಜಾಗವನ್ನು ಮತ್ತೆ ಪತ್ತೆ ಮಾಡಿತು. ಹೊಸದಾಗಿ ಸಿಕ್ಕ ಒಂದು ತುಂಡು 1967ರ ಮೂಳೆಯ ಮುರಿದ ಅಂಚಿಗೆ ಸರಿಯಾಗಿ ಕೂಡಿಕೊಂಡಿತು. ಜಾಗ ಅದೇ ಎಂಬುದಕ್ಕೆ ಅದಕ್ಕಿಂತ ಸಾಕ್ಷಿ ಬೇಡ. 2005ರಲ್ಲಿ ವಯಸ್ಸು 1,95,000ಕ್ಕೆ ಏರಿತು. 2022ರ ಜನವರಿಯಲ್ಲಿ ಮೂಳೆಯ ಮೇಲಿನ ಬೂದಿಪದರವನ್ನು ಶಾಲಾ ಎಂಬ ಜ್ವಾಲಾಮುಖಿಯ ಸ್ಫೋಟಕ್ಕೆ ಹೊಂದಿಸಿ, 2,33,000 ವರ್ಷಕ್ಕೆ ಕಡಿಮೆಯಿಲ್ಲ ಎಂದರು. ಮೂಳೆ ಬೂದಿಯ ಕೆಳಗಿದೆ, ಹಾಗಾಗಿ ಇನ್ನೂ ಹಳೆಯದಿರಬಹುದು.

ರಿಚರ್ಡ್ ಲೀಕಿ ತೀರಿಕೊಂಡದ್ದು ಅದೇ ಜನವರಿಯ 2ರಂದು. ಕಮೋಯಾ ಕಿಮೆಯು ಜುಲೈ 20ರಂದು, ನೈರೋಬಿಯಲ್ಲಿ.